ಹಾಳೆ ಟೊಪ್ಪಿಯ ಪಾರ್ಸಿ

ಹತ್ತನೇ ತರಗತಿಗೆ ಆ ಪಾರ್ಸಿ ನಾಯಕರ ಪಾಠ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪಠ್ಯಪುಸ್ತಕದಲ್ಲಿ ಅವರಿಗೆ ಸಿಕ್ಕಿರುವುದು ನಾಲ್ಕೇ ಸಾಲು. ದೇಶದ ಸಂಪತ್ತು ಸೋರಿಹೋಗುತ್ತಿದೆ ಎಂದು ತೋರಿಸಿಕೊಟ್ಟವರು, ಬ್ರಿಟಿಷರ ಪಾರ್ಲಿಮೆಂಟಿಗೇ ಗೆದ್ದು ಹೋದವರು. ಎರಡು ಅಂಕದ ಪ್ರಶ್ನೆ, ಮುಗಿಯಿತು. ಮಕ್ಕಳು ಆ ಬಿಳಿ ಗಡ್ಡವನ್ನೂ ಉದ್ದ ಟೊಪ್ಪಿಯನ್ನೂ ನೋಡಿ ಕಿಸಕ್ಕನೆ ನಕ್ಕು ಮುಂದಿನ ಪುಟಕ್ಕೆ ಹಾರಲು ನೋಡುತ್ತಾರೆ. ನಾನು ಬಿಡುವುದಿಲ್ಲ.

ಕಡಬದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಮನೆ ಪುತ್ತೂರಿನಲ್ಲಿ. ಇಪ್ಪತ್ತು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಪುಸ್ತಕ ಬಿಟ್ಟದ್ದನ್ನು ನಾನು ಬಾಯಲ್ಲಿ ಹೇಳುತ್ತೇನೆ. ಬಡ ಪುರೋಹಿತರ ಮನೆ, ಮಗು ಚಿಕ್ಕದಿರುವಾಗಲೇ ತೀರಿಕೊಂಡ ತಂದೆ, ಅಕ್ಷರ ಬಾರದ ತಾಯಿ. ಆ ತಾಯಿ ಹಟ ಹಿಡಿದು ಮಗನನ್ನು ಓದಿಸಿದರು. ಮಗ ಗಣಿತ ಕಲಿಸುವ ಮೇಷ್ಟ್ರಾದರು. ಲಂಡನ್ನು, ಪಾರ್ಲಿಮೆಂಟು ಎಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು ಅವರೂ ಅವರ ಗೆಳೆಯರೂ ಬೊಂಬಾಯಿಯ ಮನೆಮನೆಯ ಮೆಟ್ಟಿಲು ಹತ್ತಿ, ನಿಮ್ಮ ಹೆಣ್ಣುಮಕ್ಕಳನ್ನು ಕಲಿಯಲು ಬಿಡಿ, ನಿಮ್ಮ ಜಗಲಿಯಲ್ಲೇ ಕೂತು ಕಲಿಸುತ್ತೇವೆ ಎಂದು ಕೇಳಿದ್ದರು. ಕೆಲವು ಅಪ್ಪಂದಿರು ಮೆಟ್ಟಿಲಿನಿಂದ ಕೆಳಗೆ ತಳ್ಳಿಬಿಡುತ್ತೇವೆ ಎಂದು ಗದರಿಸಿದರಂತೆ. ಇವರು ಮರುದಿನ ಇನ್ನೊಂದು ಮನೆಯ ಮೆಟ್ಟಿಲು ಹತ್ತಿದರು.

ಇದನ್ನು ನಾನು ಚೆನ್ನಾಗಿ ಹೇಳುತ್ತೇನೆಂದು ಶಾಲೆಯಲ್ಲಿ ಹೆಸರಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಹತ್ತನೇ ತರಗತಿ ಓದಿದ್ದು ಪೆರಾಬೆಯ ಕಡೆ. ನಮ್ಮದು ಕರಾವಳಿಯ ಬ್ಯಾರಿ ಮುಸ್ಲಿಮರ ಮನೆ, ಅಪ್ಪ, ಅಂದರೆ ನಮ್ಮ ಉಪ್ಪ, ಗಲ್ಫಿನಲ್ಲಿದ್ದರು, ಮನೆಯಲ್ಲಿ ಉಮ್ಮ ಮತ್ತು ನಾವು ಮಕ್ಕಳು. ನಮ್ಮ ಸಮಾಜ ಮಾಸ್ಟ್ರಿಗೆ ಆ ಪಾರ್ಸಿ ಎಂದರೆ ಪ್ರಾಣ. ಶಾಲಾ ವಾರ್ಷಿಕೋತ್ಸವಕ್ಕೆ ಅವರ ಬದುಕನ್ನೇ ನಾಟಕ ಮಾಡಿಸಿದರು. ಹುಡುಗರು ಗಡ್ಡ ಅಂಟಿಸಿದ ಕೂಡಲೇ ನಗುತ್ತಿದ್ದುದರಿಂದ ಪಾರ್ಸಿಯ ಪಾತ್ರ ನನಗೆ ಬಂತು. ಅಂಥ ಟೊಪ್ಪಿ ಎಲ್ಲಿಂದ ತರುವುದು? ಕೆಲಸದವರು ತಲೆಗಿಡುವ ಮುಟ್ಟಾಳೆಯನ್ನು ಮಾಡುತ್ತಾರಲ್ಲ, ಅದೇ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಉದ್ದಕ್ಕೆ ಸುತ್ತಿ, ಹೊಲಿದು, ಮಸಿ ಬಳಿದು ಒಂದು ಟೊಪ್ಪಿ ಮಾಡಿದ್ದಾಯಿತು. ಮಾಡಿದ್ದು ನನ್ನ ಗೆಳತಿ. ಅವಳ ಮನೆಯಲ್ಲಿ ಎಲ್ಲರೂ ಬೀಡಿ ಕಟ್ಟುವವರು, ಅವಳ ಬೆರಳು ಅಷ್ಟು ಚುರುಕು. ನಾಟಕದಲ್ಲಿ ಅವಳದ್ದು ಮೆಟ್ಟಿಲಿನಿಂದ ತಳ್ಳುತ್ತೇನೆಂದು ಗದರಿಸುವ ಅಪ್ಪನ ಪಾತ್ರ. ಇದ್ದಿಲಿನಲ್ಲಿ ಮೀಸೆ ಬರೆದುಕೊಂಡು ಅವಳು ಗದರಿಸಿದ ರೀತಿಗೆ ಅವಳ ನಿಜವಾದ ಅಪ್ಪ ಮುಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಓದಿನಲ್ಲಿ ಅವಳು ನನಗಿಂತ ಮುಂದೆ. ಇದು ವಿನಯದ ಮಾತಲ್ಲ, ಅಂಕಪಟ್ಟಿ ನೋಡಿದವರಿಗೆಲ್ಲ ಗೊತ್ತಿತ್ತು. ಫಲಿತಾಂಶ ಬಂದ ಮೇಲೆ ಮಾಸ್ಟ್ರು ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಪಾರ್ಸಿಯ ಹಾಗೆಯೇ, ಮೆಟ್ಟಿಲು ಹತ್ತಿ. ಅವಳ ಅಪ್ಪ ಗದರಿಸಲಿಲ್ಲ. ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟರು.

"ಓದ್ಲಿಕ್ಕೆ ನನ್ನದು ಅಡ್ಡಿ ಇಲ್ಲ ಮಾಸ್ಟ್ರೇ. ಕಡಬದ ಕಾಲೇಜಿಗೆ ಹೋಗಿ ಬರ್ಲಿ. ಆದ್ರೆ ಜೊತೆ ಯಾರುಂಟು?"

ನಮ್ಮ ಕಡೆ ಹೆಣ್ಣುಮಕ್ಕಳ ಓದು ನಿಲ್ಲುವುದೂ ನಡೆಯುವುದೂ ಈ ಒಂದು ಪ್ರಶ್ನೆಯ ಮೇಲೆ. ದುಷ್ಟರು ಕೇಳುವ ಪ್ರಶ್ನೆ ಅಂದುಕೊಳ್ಳಬೇಡಿ, ಮಗಳ ಮೇಲೆ ಜೀವ ಇಟ್ಟವರೇ ಕೇಳುವುದು. ಅವಳ ಮನೆಯಿಂದ ಬಸ್ಸಿನ ಕಟ್ಟೆಗೆ ಅರ್ಧ ಗಂಟೆಯ ನಡಿಗೆ, ನಡುವೆ ಮಳೆಗಾಲದಲ್ಲಿ ತುಂಬಿ ಹರಿಯುವ ಒಂದು ತೋಡು, ಆಮೇಲೆ ಜನವೇ ಇಲ್ಲದ ರಬ್ಬರ್ ಕಾಡು. ಒಂದೇ ದಾರಿಯಲ್ಲಿ ಇಬ್ಬರಿದ್ದರೆ ಇಬ್ಬರೂ ಕಾಲೇಜಿಗೆ ಹೋಗುತ್ತಾರೆ. ಒಬ್ಬಳು ಬಿಟ್ಟರೆ ಇನ್ನೊಬ್ಬಳದ್ದೂ ಅಲ್ಲಿಗೇ ನಿಂತಿತು.

ಮಾಸ್ಟ್ರು ನನ್ನ ಬೆನ್ನು ತಟ್ಟಿ, "ಇವಳುಂಟಲ್ಲ" ಎಂದರು.

ಅವಳ ಅಪ್ಪ ನನ್ನ ಮುಖ ನೋಡಿದರು. "ನೀನು ನಡುವಲ್ಲಿ ಬಿಡುದಿಲ್ಲಲ್ಲ ಮಗಾ?"

"ಬಿಡುದಿಲ್ಲ" ಎಂದೆ. ಹದಿನೈದು ವರ್ಷದ ಬ್ಯಾರಿ ಹುಡುಗಿಯೊಬ್ಬಳ ಒಂದು ಮಾತಿನ ಮೇಲೆ ಆ ಮನುಷ್ಯ ಒಪ್ಪಿಕೊಂಡರು. ಈಗಿನ ಕಾಲದಲ್ಲಿ ಹಾಗೆ ನಂಬುವವರು ಸಿಗುವುದು ಕಷ್ಟ.

ಮುಂದಿನ ವಾರ ಉಪ್ಪ ರಜೆಯಲ್ಲಿ ಬಂದರು. ಕಡಬ ಯಾಕೆ, ಪುತ್ತೂರಿನಲ್ಲಿ ಮಾಮನ ಮನೆ ಇದೆ, ಒಳ್ಳೆಯ ಕಾಲೇಜಿದೆ, ಅಲ್ಲಿಯೇ ಇದ್ದು ಓದಲಿ ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಖುಷಿಯಲ್ಲಿ ಗೆಳತಿಯ ನೆನಪು ಬಂದದ್ದೇ ಮರುದಿನ. "ಅವಳಿಗೆ ಹೇಳಿ ಬರ್ತೇನೆ" ಎಂದು ಹೊರಟವಳನ್ನು ಉಮ್ಮ ತಡೆದರು.

"ಆಗುವ ಮೊದಲು ಬಾಯಿ ಬಿಡ್ಬೇಡ. ಕಣ್ಣು ಬೀಳ್ತದೆ."

ಇದು ನಮ್ಮ ಮನೆಯ ಕಾನೂನು. ಊರಿನದ್ದೂ ಹೌದು. ಗಲ್ಫಿನ ವೀಸಾ ಬಂದದ್ದು ನೆರೆಮನೆಗೆ ಗೊತ್ತಾಗುವುದು ವಿಮಾನ ಹತ್ತುವ ಹಿಂದಿನ ದಿನ. ಮದುವೆಯ ಮಾತು, ಹೊಸ ಜಾಗ, ಸರಕಾರಿ ಕೆಲಸ, ಯಾವುದನ್ನೂ ಕೈಗೆ ಸಿಗುವ ಮೊದಲು ಹೇಳುವ ಹಾಗಿಲ್ಲ. ಯಾರಾದರೂ ಕೇಳಿದರೆ ಹೌದೆನ್ನದೆ ಇಲ್ಲವೆನ್ನದೆ, ನೋಡೋಣ ಎನ್ನುವ ಹಾಗೆ "ನೋಡುವ" ಎಂದರೆ ಮುಗಿಯಿತು. ನಾನೂ ಬಾಯಿ ಮುಚ್ಚಿಕೊಂಡೆ. ಕಾಲೇಜು ಶುರುವಾಗುವವರೆಗಿನ ಆ ಎರಡು ವಾರದಲ್ಲಿ ಮಾಸ್ಟ್ರಿಗೆ ಒಂದು ಮಾತು ಹೇಳಿದ್ದರೆ ಅವರು ಹತ್ತು ಮನೆ ಸುತ್ತಿ ಅವಳಿಗೆ ಬೇರೆ ಜೊತೆ ಹುಡುಕುತ್ತಿದ್ದರು. ಒಂದು ಸಂಜೆ ಅವಳೇ ಬಂದಳು. ಇಬ್ಬರಿಗೂ ಒಂದೇ ಬಣ್ಣದ ರಿಬ್ಬನ್ ತಂದಿದ್ದಳು. ನಾನು ತೆಗೆದುಕೊಂಡೆ. ಚೆನ್ನಾಗಿದೆ ಎಂದೆ.

ಕಾಲೇಜು ಶುರುವಾಗುವ ದಿನ ಬೆಳಿಗ್ಗೆ ಉಪ್ಪ ಬಾಡಿಗೆ ಜೀಪು ತಂದರು. ಪುತ್ತೂರಿಗೆ ಹೋಗುವ ದಾರಿ ಆ ಬಸ್ಸಿನ ಕಟ್ಟೆಯ ಮುಂದೆಯೇ. ದೂರದಿಂದಲೇ ಕಂಡಿತು. ಅವಳು ಹೊಸ ಯೂನಿಫಾರ್ಮ್ ಹಾಕಿ, ರಿಬ್ಬನ್ ಕಟ್ಟಿ ನಿಂತಿದ್ದಳು. ಪಕ್ಕದಲ್ಲಿ ಕೊಡೆ ಹಿಡಿದು ಅಪ್ಪ, ಮಗಳಿಗೆ ಜೊತೆ ಬಂದದ್ದನ್ನು ಕಣ್ಣಾರೆ ನೋಡಿ ಹೋಗಲು. ಜೀಪು ಹತ್ತಿರ ಬಂದಂತೆ ನಾನು ಚಪ್ಪಲಿಯ ಬಾರು ಸರಿಮಾಡುವವಳ ಹಾಗೆ ಬಗ್ಗಿದೆ. ಕಟ್ಟೆ ದಾಟುವವರೆಗೆ ತಲೆ ಎತ್ತಲಿಲ್ಲ. ಆ ಪಾರ್ಸಿಯ ಟೊಪ್ಪಿ ಹೊತ್ತಿದ್ದ ತಲೆ ಇದೇ.

ಅವಳು ಮುಂದೆ ಓದಲಿಲ್ಲ ಎಂದು ಕೆಲವು ವಾರಗಳ ನಂತರ ಕೇಳಿದೆ. ಮೊರ ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟಲು ಕೂತಳಂತೆ. ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಟೀಚರಾದೆ. ಆ ಮನೆಯ ಕಡೆ ಹೋಗಲಿಲ್ಲ. ನೆಲ್ಯಾಡಿ ಕಡೆಯ ರಬ್ಬರ್ ಟ್ಯಾಪಿಂಗ್ ಮಾಡುವವರೊಬ್ಬರು ಅವಳನ್ನು ಮದುವೆಯಾಗಿ ಅವಳ ಮನೆಯಲ್ಲೇ ನಿಂತಿದ್ದಾರೆಂದು ಯಾರೋ ಹೇಳಿದರು. ದಿನಾ ಆ ಕಟ್ಟೆಯ ಮುಂದೆ ಹಾದುಹೋಗುವಾಗ ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಯಾರೂ ಕಳ್ಳಿ ಎನ್ನುವ ಅಗತ್ಯವೂ ಇರಲಿಲ್ಲ.

ಮೂರು ವರ್ಷದ ಹಿಂದೆ ಎಂಟನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ವಿಳಾಸ ಓದಿದರೆ ಅದು ಗೆಳತಿಯ ಮನೆಯದ್ದೇ. ತಲೆ ಎತ್ತಿ ನೋಡಿದರೆ ಅದೇ ಮುಖ. ಅವಳ ಮಗಳು. ಅದೇ ಚುರುಕು, ಅದೇ ನಗು. ಹತ್ತನೇ ತರಗತಿಗೆ ಬಂದಾಗ ನಾನು ಮತ್ತೆ ಆ ನಾಟಕ ಮಾಡಿಸಿ, ಪಾರ್ಸಿಯ ಪಾತ್ರವನ್ನು ಅವಳಿಗೇ ಕೊಟ್ಟೆ. ಮಾಡಿದ ಪಾಪ ಇಷ್ಟರಲ್ಲಿ ತೊಳೆದುಹೋಗುತ್ತದೆ ಅಂದುಕೊಂಡೆನೋ ಏನೋ. ಮರುದಿನ ಅವಳು ಮನೆಯಿಂದ ಹಾಳೆಯ ಟೊಪ್ಪಿಯೊಂದನ್ನು ತಂದಳು. "ಅಮ್ಮ ಹೊಲಿದು ಕೊಟ್ರು ಟೀಚರ್. ಅಳತೆ ನೆನಪುಂಟಂತೆ." ನಾನು ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಳೆದ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಹುಡುಗಿ ತಾಲೂಕಿಗೇ ಹೆಸರು ತರುವ ಹಾಗೆ ಪಾಸಾಗಿದ್ದಳು. ಅವಳೇ ಫೋನ್ ಮಾಡಿದಳು. "ಅಮ್ಮನಿಗೆ ಹುಷಾರಿಲ್ಲ. ಟೀಚರ್ ಒಮ್ಮೆ ಬರ್ಬೇಕಂತೆ."

ಹೋದೆ. ಆ ತೋಡು, ಆ ರಬ್ಬರ್ ಕಾಡು, ಆ ಮೆಟ್ಟಿಲು ಎಲ್ಲ ಹಾಗೆಯೇ. ಗೆಳತಿ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ವರ್ಷಗಟ್ಟಲೆ ಹೊಗೆಸೊಪ್ಪಿನ ಪುಡಿ ಕುಡಿದ ಶ್ವಾಸಕೋಶ, ಇನ್ನು ಏನೂ ಮಾಡುವ ಹಾಗಿಲ್ಲ ಎಂದಿದ್ದರಂತೆ ಡಾಕ್ಟರು. ಮಗಳು ಚಾ ಮಾಡಲು ಹೋಗುವವರೆಗೆ ನನ್ನನ್ನು ಟೀಚರ್, ನೀವು ಎಂದೇ ಮಾತಾಡಿಸಿದಳು. ಆಮೇಲೆ ನಮ್ಮ ಹಳೆಯ ತುಳುವಿಗೆ ಬಂದಳು. ಕನ್ನಡದಲ್ಲಿ ಬರೆಯುವುದಾದರೆ ಹೀಗೆ:

"ಆ ದಿನ ಜೀಪಿನಲ್ಲಿ ಎಂತಕ್ಕೆ ಬಗ್ಗಿದ್ದು ನೀನು?"

"ನಿನಗೆ ಕಂಡಿತ್ತಾ?"

"ಆ ತಲೆಗೆ ಟೊಪ್ಪಿ ಹೊಲಿದವಳು ನಾನು ಮಾರಾಯ್ತಿ. ಗೊತ್ತಾಗುದಿಲ್ವಾ? ಅಪ್ಪನಿಗೆ ಕಾಣ್ಲಿಲ್ಲ. ನಾನು ಹೇಳ್ಲಿಲ್ಲ. ಮುಂದಿನ ಬಸ್ಸಿಗೆ ಬರ್ತಾಳೆ ಅಂದೆ. ಅದು ಹೋಯ್ತು. ಇನ್ನೊಂದಕ್ಕೆ ಬರ್ತಾಳೆ ಅಂದೆ. ಮೂರು ಬಸ್ಸಿನವರೆಗೆ ಅಪ್ಪನನ್ನು ನಿಲ್ಲಿಸಿದೆ. ಆಮೇಲೆ ಎಂತ ಹೇಳುದಂತ ಗೊತ್ತಾಗ್ಲಿಲ್ಲ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಕೆಮ್ಮು ಬಂತು, ಕೆಮ್ಮಿ ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದಳು. "ಶಾಲೆಗೆ ಇಷ್ಟು ವರ್ಷ ಕಟ್ಟೆಯವರೆಗೆ ನಾನೇ ಬಿಡ್ತಿದ್ದೆ, ಇನ್ನು ಆಗುದಿಲ್ಲ. ಇವಳಿಗೆ ಕಡಬದ ಕಾಲೇಜಲ್ಲಿ ಸೀಟು ಆಗಿದೆ. ಇವಳ ಅಪ್ಪನೂ ಕೇಳುದು ಅದನ್ನೇ. ಜೊತೆ ಯಾರುಂಟು?"

"ನಾನು ದಿನಾ ಅದೇ ದಾರಿಯಲ್ಲಿ ಬರುವವಳು. ಒಂದು ಬಸ್ಸು ಮೊದಲು ಬಂದು ಕಟ್ಟೆಯಲ್ಲಿ ಇಳಿದು, ಇಲ್ಲಿವರೆಗೆ ನಡೆದು..."

ಅವಳು ಕೈ ಎತ್ತಿ ತಡೆದಳು. "ಮಾತು ಕೊಡ್ಬೇಡ. ಅದು ಒಮ್ಮೆ ಕೊಟ್ಟಾಗಿದೆ. ಆ ದಿನ ಬಂದು ನಿಲ್ಲು, ಸಾಕು."

ನಾನು ಅವಳಿಗೆ ಹೇಳದ ಒಂದು ವಿಷಯವಿತ್ತು. ಮಂಡಿ ನೋವಿಗೆ ಬಸ್ಸಿನ ಪ್ರಯಾಣ ಆಗುವುದಿಲ್ಲವೆಂದು ಎರಡು ವರ್ಷದಿಂದ ಪುತ್ತೂರಿಗೆ ವರ್ಗ ಕೇಳುತ್ತಿದ್ದೆ. ಆ ಸಲ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಕೌನ್ಸೆಲಿಂಗ್‌ಗೆ ಹೋಗಿ ಶಾಲೆ ಆರಿಸಿಕೊಳ್ಳುವುದೊಂದೇ ಬಾಕಿ. ಅವಳ ಮನೆಯ ಮೆಟ್ಟಿಲು ಇಳಿಯುವಾಗಲೇ ನಿರ್ಧಾರ ಮಾಡಿದೆ, ಬೇಡ ಎಂದು. ಮನಸ್ಸು ಹತ್ತಿಯ ಹಾಗೆ ಹಗುರಾಯಿತು. ಆದರೆ ಯಾರಿಗೂ ಹೇಳಲಿಲ್ಲ. ಕೌನ್ಸೆಲಿಂಗ್ ಇನ್ನೂ ಆಗಿರಲಿಲ್ಲವಲ್ಲ. ಆಗುವ ಮೊದಲು ಹೇಳುವುದುಂಟೇ?

ಹತ್ತು ದಿನದಲ್ಲಿ ಅವಳು ಹೋದಳು. ಅಂಗಳದಲ್ಲಿ ಜನ ಸೇರಿದ್ದರು. ನಾನು ಹೆಂಗಸರ ನಡುವೆ ನಿಂತಿದ್ದೆ. ಹಳೆಯ ಪರಿಚಯದ ಹೆಂಗಸೊಬ್ಬರು ಮೆಲ್ಲಗೆ ಕೇಳಿದರು, "ಟೀಚರ್, ನಿಮ್ಗೆ ಪುತ್ತೂರಿಗೇ ಆಯ್ತಂತಲ್ಲ?"

"ನೋಡುವ" ಎಂದೆ.

ಗೆಳತಿಯ ಗಂಡ ಎರಡು ಮಾರು ದೂರದಲ್ಲಿ, ತೆಂಗಿನ ಮರಕ್ಕೆ ಒರಗಿ ನಿಂತಿದ್ದರು. ಅವರು ನನ್ನ ಕಡೆ ಒಮ್ಮೆ ನೋಡಿದ್ದು ನೆನಪಿದೆ. ದುಃಖದಲ್ಲಿರುವವರ ನೋಟ ಎಂದುಕೊಂಡೆ.

ಎರಡು ದಿನ ಬಿಟ್ಟು ಕೌನ್ಸೆಲಿಂಗ್‌ನಲ್ಲಿ ವರ್ಗ ಬೇಡ ಎಂದು ಬರೆದುಕೊಟ್ಟೆ. ಅಲ್ಲಿದ್ದವರು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಮನೆಯಲ್ಲಿ ಯಜಮಾನರು ಮೂರು ದಿನ ಮಾತಾಡಲಿಲ್ಲ. ಆಗಲಾದರೂ ಆ ಹುಡುಗಿಗೆ ಒಂದು ಫೋನ್ ಮಾಡಬಹುದಿತ್ತು. ನಂಬರು ಕೈಯಲ್ಲೇ ಇತ್ತು. ಮಾಡಲಿಲ್ಲ. ಸೂತಕದ ಮನೆ, ಈಗ ಯಾಕೆ ಎಂದುಕೊಂಡೆ. ಅವಳ ಅಮ್ಮನೇ ಮಾತು ಬೇಡ, ಬಂದು ನಿಲ್ಲು ಎಂದಿದ್ದಾಳೆ ಎಂದುಕೊಂಡೆ. ಒಳಗೆ ಇನ್ನೂ ಒಂದಿತ್ತು, ಅದನ್ನೂ ಬರೆದುಬಿಡುತ್ತೇನೆ. ಹೇಳದೇ ಕೇಳದೇ ಆ ಬೆಳಿಗ್ಗೆ ಕಟ್ಟೆಯಲ್ಲಿ ಪ್ರತ್ಯಕ್ಷಳಾದರೆ ಆ ಅಪ್ಪ ಮಗಳ ಮುಖ ಹೇಗಾಗಬಹುದು ಎಂದು ಮನಸ್ಸಿನಲ್ಲೇ ನೋಡಿ ನೋಡಿ ಖುಷಿಪಡುತ್ತಿದ್ದೆ. ದೊಡ್ಡತನ ತೋರಿಸಲು ಹೊರಟಿದ್ದೆ, ಥೂ!

ಕಾಲೇಜು ಶುರುವಾಗುವ ದಿನ ಬೆಳಿಗ್ಗೆ ಬೇಗನೆ ಹೊರಟು ಕಟ್ಟೆಯಲ್ಲಿ ಇಳಿದೆ. ಮೊದಲ ದಿನ ಇಲ್ಲಿಯೇ ಸಿಗುತ್ತಾರೆ, ನಾಳೆಯಿಂದ ಮನೆವರೆಗೆ ನಡೆಯುವ ಎಂದುಕೊಂಡೆ. ಸಣ್ಣ ಮಳೆ ಹನಿಯುತ್ತಿತ್ತು. ಮೊದಲ ಬಸ್ಸು ಬಂತು. ಹುಡುಗಿ ಬರಲಿಲ್ಲ. ಹೊರಡುವಾಗ ತಡವಾಗಿರಬೇಕು ಎಂದುಕೊಂಡೆ. ಎರಡನೆಯದು ಬಂತು. ಮೂರನೆಯ ಬಸ್ಸಿನ ಕಂಡಕ್ಟರ್ ಪರಿಚಯದವ, "ಹತ್ತುದಿಲ್ವಾ ಟೀಚರ್?" ಎಂದು ಕೂಗಿದ. ಕೈಯಾಡಿಸಿದೆ. ಮೂರು ಬಸ್ಸು ಎಷ್ಟು ಹೊತ್ತು ಎಂಬುದು ನನಗೆ ಆಗ ಗೊತ್ತಾಯಿತು.

ಆಮೇಲೆ ಗೆಳತಿಯ ಗಂಡ ಟ್ಯಾಪಿಂಗ್ ಮುಗಿಸಿ ಬೈಕಿನಲ್ಲಿ ಬಂದರು. ನನ್ನನ್ನು ನೋಡಿ ನಿಲ್ಲಿಸಿದರು.

"ಎಂತ ಟೀಚರೇ, ಇಲ್ಲಿ?"

"ಮಗಳೆಲ್ಲಿ?"

"ಅವಳನ್ನು ಸಂಪಾಜೆಗೆ ಕಳಿಸಿದೆ. ನನ್ನ ತಂಗಿ ಮನೆಗೆ. ತಂಗಿಯ ಅತ್ತೆ ಮಲಗಿದಲ್ಲೇ ಇದ್ದಾರೆ, ನೋಡ್ಲಿಕ್ಕೆ ಒಂದು ಜನ ಬೇಕಿತ್ತು. ನಾನು ನಸುಕಿನಲ್ಲೇ ರಬ್ಬರಿಗೆ ಹೋಗುವವ. ಇವಳು ಒಬ್ಬಳೇ ಆ ಕಾಡಿನಲ್ಲಿ ಹೇಗೆ ನಡೆಯುದು?" ಬೈಕಿನ ಎಂಜಿನ್ ಆರಿಸಿ ಹೇಳಿದರು, "ಟೀಚರ್ ಬಂದ್ರೆ ಕಾಲೇಜಿಗೆ ಕಳಿಸಿ ಅಂತ ಅವಳ ಅಮ್ಮ ಹೇಳಿದ್ದಳು. ನಿಮ್ಗೆ ಪುತ್ತೂರಿಗೆ ಆಯ್ತಲ್ಲ. ಆ ದಿನ ಅಂಗಳದಲ್ಲಿ ನೀವೇ ‘ನೋಡುವ’ ಅಂದ್ರಿ. ಇನ್ನು ಬರ್ಲಿಕ್ಕಿಲ್ಲ ಅಂದುಕೊಂಡೆ."

ವರ್ಗ ಬಿಟ್ಟುಕೊಟ್ಟೆ ಎಂದು ಹೇಳಿದೆ. ಆ ಮನುಷ್ಯ ಮಳೆಯಲ್ಲಿ ನಿಂತು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ಹೇಳ್ಬಹುದಿತ್ತಲ್ಲ ಟೀಚರೇ" ಎಂದು ಬೈಕು ಸ್ಟಾರ್ಟ್ ಮಾಡಿದರು.

ಶಾಲೆಗೆ ರಜೆ ಹೇಳಿ ಅಲ್ಲಿಂದಲೇ ಸುಳ್ಯಕ್ಕೆ, ಸುಳ್ಯದಿಂದ ಮಡಿಕೇರಿ ಬಸ್ಸು ಹತ್ತಿ ಸಂಪಾಜೆಗೆ ಹೋದೆ. ರಸ್ತೆಯ ಬದಿಯ ಸಣ್ಣ ಹಂಚಿನ ಮನೆ. ಘಾಟಿಯ ಲಾರಿಗಳ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಹುಡುಗಿ ಜಗಲಿಯಲ್ಲಿ ಮುದುಕಿಯ ಬಟ್ಟೆ ಹಿಂಡುತ್ತಿದ್ದಳು. ಆ ಮನೆಯಾಕೆ ಒಳ್ಳೆಯವರೇ, ಕೂತ್ಕೊಳ್ಳಿ ಎಂದು ಚಾ ಕೊಟ್ಟರು. ಆದರೆ ತಾವು ಗೋಡಂಬಿ ಕಾರ್ಖಾನೆಯ ಕೆಲಸಕ್ಕೆ ಸೇರಿ ಆಗಿದೆ, ಅಣ್ಣ ಒಂದು ವರ್ಷಕ್ಕೆ ಮಾತು ಕೊಟ್ಟಿದ್ದಾರೆ, ಈಗ ಇವಳು ಹೋದರೆ ಅತ್ತೆಯನ್ನು ಯಾರು ಎತ್ತುವುದು ಎಂದರು. ನಾನು ಕೇಳಿದೆ, ಬೇಡಿದೆ, ಕೊನೆಗೆ ಜಗಳವನ್ನೂ ಮಾಡಿದೆ. ಆ ಪಾರ್ಸಿಯನ್ನು ಮೆಟ್ಟಿಲಿನಿಂದ ತಳ್ಳುತ್ತೇವೆ ಎಂದವರ ಹತ್ತಿರ ವಾದವಾದರೂ ಮಾಡಬಹುದಿತ್ತು. ಒಳಗೆ ಮಲಗಿ ನರಳುವ ಮುದುಕಿಯ ಮುಂದೆ ಎಂತ ವಾದ?

ಹುಡುಗಿ ಗೇಟಿನವರೆಗೆ ಬಂದಳು. ಅಳುತ್ತಿರಲಿಲ್ಲ.

"ನೀವು ಬರ್ತೀರಿ ಅಂತ ಒಂದು ಫೋನ್ ಮಾಡಿದ್ರೆ ಸಾಕಿತ್ತು ಟೀಚರ್. ನಾನು ಅಪ್ಪನತ್ರ ಮೂರು ದಿನ ಹೇಳಿದೆ, ಟೀಚರ್ ಬರ್ತಾರೆ, ಟೀಚರ್ ಬರ್ತಾರೆ ಅಂತ. ಅಪ್ಪ ಕೇಳಿದ್ರು, ನಿನ್ನ ಹತ್ರ ಹೇಳಿದ್ದಾರಾ ಅಂತ."

ನಾನು ಗೇಟಿನ ಚಿಲಕ ಹಾಕಿ ಬಸ್ಸಿಗೆ ನಡೆದೆ.

ಈಗ ಪ್ರತಿ ಆದಿತ್ಯವಾರ ಸಂಪಾಜೆಗೆ ಹೋಗುತ್ತೇನೆ. ಬೊಂಬಾಯಿಯಲ್ಲಿ ಆ ಪಾರ್ಸಿ ಮಾಡಿದ ಹಾಗೆ, ಜಗಲಿಯಲ್ಲಿ ಕೂತು ಕಲಿಸುತ್ತೇನೆ. ಖಾಸಗಿಯಾಗಿ ಪಿಯುಸಿ ಕಟ್ಟಬಹುದು, ವಿಜ್ಞಾನ ಆಗುವುದಿಲ್ಲ, ಕಲಾ ವಿಭಾಗ ಮಾತ್ರ. ಅವಳಿಗೆ ಬೇಕಿದ್ದುದು ಗಣಿತ. ನಡುವೆ ಒಳಗಿನಿಂದ ಮುದುಕಿ ಕರೆದರೆ ಎದ್ದು ಹೋಗುತ್ತಾಳೆ, ಕೈ ತೊಳೆದು ಬಂದು ಬಿಟ್ಟ ಸಾಲಿನಿಂದ ಮತ್ತೆ ಓದುತ್ತಾಳೆ. ಹೊರಡುವಾಗ ನಾನು ಈಗ ಬಾಯಿಬಿಟ್ಟು ಹೇಳುತ್ತೇನೆ, ಬರುವ ಆದಿತ್ಯವಾರ ಖಂಡಿತ ಬರುತ್ತೇನೆ ಎಂದು. ಜೋರಾಗಿ, ಆ ಮನೆಯವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.

ಹುಡುಗಿ ಪುಸ್ತಕ ಮಡಚುತ್ತಾಳೆ. ತಲೆ ಎತ್ತುವುದಿಲ್ಲ.

"ನೋಡುವ ಟೀಚರ್" ಎನ್ನುತ್ತಾಳೆ.